ನಾಲ್ಕನೆಯ ಧೂಳಿನ ಚುಕ್ಕೆ

ಆ ಭಾನುವಾರ ಬೆಳಿಗ್ಗೆ ನಾನು ಮಾಡಿದ ಕೆಲಸಗಳು ಇಷ್ಟು. ಹಾಲು ಕಾಯಿಸಿ ಡಿಕಾಕ್ಷನ್ ಇಳಿಸಿದ್ದು. ದೋಸೆ ಹೊಯ್ದದ್ದು, ಉಳಿದ ಹಿಟ್ಟಿಗೆ ತಟ್ಟೆ ಮುಚ್ಚಿ, ಬೆಕ್ಕಿನ ಕಾಟಕ್ಕೆ ಮೇಲೊಂದು ಗುಂಡುಕಲ್ಲು ಹೇರಿದ್ದು. ಇವರ ಬಿಳಿ ಅಂಗಿಯ ಎರಡನೇ ಗುಂಡಿ ಹೊಲಿದದ್ದು. ಫೋಟೋ ತೊಳೆಯುವ ಹೈಪೋ ದ್ರಾವಣದ, ಹಿಂದಿನ ದಿನ ತೊಳೆದಿಟ್ಟ ಬಾಟಲಿಗಳನ್ನು ಬಿಸಿಲಿಗೆ ಬೋರಲು ಹಾಕಿದ್ದು. ಬಚ್ಚಲ ಕಿಟಕಿಗೆ ಹೊಡೆದ ಕಪ್ಪು ರಟ್ಟು ತೆಗೆದು ಗಾಳಿಯಾಡಲು ಬಿಟ್ಟದ್ದು. ಸಂಜೆ ಹಾಲು ಬೇಡ ಅಂತ ಹಾಲಿನವಳಿಗೆ ಹೇಳಿದ್ದು. ಪಕ್ಕದ ಮನೆಗೆ ಬೀಗದ ಕೈ ಕೊಟ್ಟದ್ದು. ಮತ್ತೆ, ಒಂದು ಪ್ರಿಂಟನ್ನು ಬಟ್ಟೆ ಚೀಲಕ್ಕೆ ಹಾಕಿದ್ದು, ತೆಗೆದದ್ದು, ಮತ್ತೆ ಹಾಕಿದ್ದು.

ನಾನು ದಿನದ ಪುಸ್ತಕ ಬರೆಯುವವಳು. ಯಾವ ದಿನ ಯಾವ ಸಾರು, ಯಾರು ಬಂದರು, ಎಷ್ಟು ಹೊತ್ತಿಗೆ ಕರೆಂಟು ಹೋಯಿತು, ಎಲ್ಲ ಇರುತ್ತದೆ. ಆ ಭಾನುವಾರದ ಪುಟದಲ್ಲೂ ಗುಂಡುಕಲ್ಲಿನ ತನಕ, ಬೀಗದ ಕೈಯ ತನಕ ಎಲ್ಲ ಇದೆ. ಪ್ರಿಂಟಿನ ಮಾತು ಮಾತ್ರ ಇಲ್ಲ. ಬರೆಯಲು ಆಗ ಕೈ ಬರಲಿಲ್ಲ. ಈಗ ಬರೆಯುತ್ತೇನೆ.

ನಮ್ಮದು ಸಾಗರ. ಎಂಬತ್ತರ ದಶಕ ಆಗ ತಾನೆ ಶುರುವಾಗಿತ್ತು. ಮನೆಯವರಿಗೆ ಫೋಟೋ ತೆಗೆಯುವ ಹುಚ್ಚು. ಹೊಟ್ಟೆಯ ಮಟ್ಟಕ್ಕೆ ಹಿಡಿದು ಮೇಲಿಂದ ಬಗ್ಗಿ ನೋಡುವ, ಎರಡು ಕಣ್ಣಿನ ಕ್ಯಾಮೆರಾ ಇವರದು. ಒಂದು ರೋಲಿಗೆ ಹನ್ನೆರಡು ಚಿತ್ರ. ಮದುವೆಯಾದ ಹೊಸದರಲ್ಲಿ ಇವರು ಕೆಳದಿ ದೇವಸ್ಥಾನದ ಕಂಬಗಳನ್ನು ತೆಗೆದು ತಂದು ಬಚ್ಚಲಲ್ಲಿ ಕೂತು ತೊಳೆಯುವಾಗ, ನೀರು ಹೊಯ್ಯಲು, ಕಂಬಳಿ ಸಂದಿಯಿಂದ ಬೆಳಕು ಬಾರದ ಹಾಗೆ ಹಿಡಿಯಲು ಅಂತ ನಾನು ಒಳಗೆ ಹೋದವಳು. ಹತ್ತು ವರ್ಷ ಆಗುವಷ್ಟರಲ್ಲಿ ಇವರು ಬಚ್ಚಲಿನ ಹೊರಗೆ, ನಾನು ಒಳಗೆ. ಫಿಲಂ ತೊಳೆಯುವುದು, ಪ್ರಿಂಟ್ ಹಾಕುವುದು, ಆಮೇಲೆ ಅದರ ಚುಕ್ಕೆ ತೆಗೆಯುವುದು, ಎಲ್ಲ ನನ್ನ ಪಾಲಿಗೆ ಬಂತು. ಬಂತು ಅಂತ ದೂರುತ್ತಿಲ್ಲ. ನನಗೆ ಇಷ್ಟವಾಗಿತ್ತು.

ಚುಕ್ಕೆ ತೆಗೆಯುವುದು ಅಂದರೆ ಏನು ಅಂತ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ತೊಳೆದ ಫಿಲಂ ಒದ್ದೆ ಇರುವಾಗ ಅದರ ಮೈ ಅಂಟಂಟು. ಒಣಗಲು ತೂಗುಹಾಕಿದಾಗ ಧೂಳು ಕೂತರೆ ಅಲ್ಲೇ ಹೂತುಹೋಗುತ್ತದೆ. ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ: ಬಿಳಿಯದು ಕಪ್ಪು, ಕಪ್ಪನೆಯದು ಬಿಳಿ. ಹಾಗಾಗಿ ನೆಗೆಟಿವ್ ಮೇಲೆ ಕೂತ ಕಪ್ಪು ಧೂಳು ಪ್ರಿಂಟಿನಲ್ಲಿ ಬಿಳಿ ಚುಕ್ಕೆಯಾಗಿ ಬರುತ್ತದೆ. ಕೆಲವರು ಅದನ್ನು ಪ್ರಿಂಟಿನ ಮೇಲೆ ಸಣ್ಣ ಕುಂಚದಲ್ಲಿ ಮಸಿ ತುಂಬಿ ಮುಚ್ಚುತ್ತಾರೆ. ಅದು ಸುಲಭ. ನಾನು ನೆಗೆಟಿವ್‌ನಲ್ಲೇ ತೆಗೆಯುತ್ತಿದ್ದೆ. ಭೂತಗನ್ನಡಿ ಹಿಡಿದು, ಬಾಯಿಯ ಹಬೆ ಕೊಟ್ಟು ಮೆತ್ತಗೆ ಮಾಡಿ, ಸೂಜಿ ಮೊನೆಯಲ್ಲಿ ಆ ಕಣವನ್ನು ಎಬ್ಬಿಸಿ, ಉಳಿದ ಗುಳಿಗೆ ಪೆನ್ಸಿಲಿನ ಪುಡಿ ತುಂಬಿಬಿಟ್ಟರೆ ಆಯಿತು, ಎಷ್ಟು ಪ್ರಿಂಟ್ ಹಾಕಿದರೂ ಚೊಕ್ಕ. ಅಕ್ಕಿಯಲ್ಲಿ ಕಲ್ಲು ಆರಿಸಿ ಆರಿಸಿ ಪಳಗಿದ ಕಣ್ಣು ನನ್ನದು. ಕೈ ನಡುಗುತ್ತಿರಲಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೇರಿ ಇಂಥ ಹುಚ್ಚಿನವರು ಆರು ಮಂದಿ ಇದ್ದೆವು. ವರ್ಷಕ್ಕೊಮ್ಮೆ ಸೇರಿದರೆ ಹೆಚ್ಚು. ಅದಕ್ಕೆ ಒಂದು ತಿರುಗು ಪೆಟ್ಟಿಗೆ ಮಾಡಿಕೊಂಡಿದ್ದೆವು. ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬಿ, ಒಳಗೆ ಪ್ರತಿಯೊಬ್ಬರದೂ ಒಂದೊಂದು ಪ್ರಿಂಟು, ಜೊತೆಗೆ ಒಂದು ನೋಟ್‌ಬುಕ್ಕು. ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟರೆ ನಮ್ಮಲ್ಲಿಂದ ತೀರ್ಥಹಳ್ಳಿ, ಅಲ್ಲಿಂದ ಹೊಸನಗರ, ತಿರುಗಿ ನಮ್ಮಲ್ಲಿಗೆ. ಒಂದು ಸುತ್ತಿಗೆ ಒಂದೂವರೆ ತಿಂಗಳು. ಪೆಟ್ಟಿಗೆ ಬಂದ ಮನೆಯವರು ಚಿತ್ರ ನೋಡಿ ನೋಟ್‌ಬುಕ್ಕಿನಲ್ಲಿ ಅಭಿಪ್ರಾಯ ಬರೆಯಬೇಕು. ನಿಯಮ ಮೂರೇ. ಚಿತ್ರದ ಮೇಲೆ ಹೆಸರು ಇರಬಾರದು. ಇದು ಏನು, ಎಲ್ಲಿಯದು ಅಂತ ಯಾರಿಗೂ ಬಾಯಿಬಿಡಬಾರದು, ಚಿತ್ರ ತಾನೇ ಮಾತಾಡಬೇಕು. ತೆಗೆದವರು ಎಲ್ಲರಿಗಿಂತ ಕೊನೆಗೆ ಬರೆಯಬೇಕು. ನಾಲ್ಕನೆಯದನ್ನು ಆಮೇಲೆ ಸೇರಿಸಿದೆವು: ಆಗುಂಬೆಯ ಸೂರ್ಯಾಸ್ತ ವರ್ಷಕ್ಕೆ ಒಂದೇ ಸಲ.

ಆ ನಾಲ್ಕನೆಯದಕ್ಕೆ ಕಾರಣ, ಪ್ರತಿ ಸುತ್ತಿಗೂ ಅದನ್ನೇ ಕಳಿಸುತ್ತಿದ್ದ ತೀರ್ಥಹಳ್ಳಿಯ ಡಾಕ್ಟ್ರು. ಆರು ಮಂದಿಯಲ್ಲಿ ಒಳ್ಳೆಯ ಕ್ಯಾಮೆರಾ ಅವರದು, ಹರಿತವಾದ ಬಾಯಿಯೂ ಅವರದು. "ನಾನು ಮನುಷ್ಯರ ಡಾಕ್ಟ್ರು, ನೀವು ಧೂಳಿನ ಡಾಕ್ಟ್ರು. ನಿಮ್ಮ ರೋಗಿಗಳು ಬೈಯೋದಿಲ್ಲ, ಪುಣ್ಯವಂತರು" ಅಂತ ನನಗೆ ಹೇಳುತ್ತಿದ್ದರು. ನನಗೆ ಆ ಹೆಸರು ಹಿತವಾಗಿತ್ತು. ಆರು ಮಂದಿಯಲ್ಲಿ ಒಬ್ಬಳೇ ಹೆಂಗಸು ನಾನು. ಉಳಿದವರ ನೆಗೆಟಿವ್‌ಗಳೆಲ್ಲ ಚೊಕ್ಕವಾಗಲು ನನ್ನ ಬಚ್ಚಲಿಗೇ ಬರುತ್ತಿದ್ದವು.

ಹೊಸನಗರದ ಮೇಷ್ಟ್ರು ಎಲ್ಲರಿಗಿಂತ ಚಿಕ್ಕವರು, ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು. ಮದುವೆಯಾಗಿರಲಿಲ್ಲ, ಮನೆಯಲ್ಲಿ ಅಮ್ಮ ಒಬ್ಬರೇ. ಅವರು ಮುಳುಗಡೆಯವರು. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಅವರ ಊರು ನೀರಿಗೆ ಹೋಯಿತು. ಇದು ನನಗೆ ಗೊತ್ತಿತ್ತು. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ, ಆದರೂ ಬರೆಯಲೇಬೇಕು: ನನಗೆ ಗೊತ್ತಿತ್ತು.

ಒಂದು ಬೇಸಿಗೆ ಹಿನ್ನೀರು ತುಂಬಾ ಇಳಿಯಿತು. ಮುಳುಗಿದ್ದ ದಾರಿ, ಗದ್ದೆಯ ಅಂಚು ಎಲ್ಲ ಕಾಣುತ್ತಿವೆ ಅಂತ ಜನ ಬಸ್ಸಲ್ಲಿ ಮಾತಾಡಿಕೊಳ್ಳುತ್ತಿದ್ದರು. ಮೇ ತಿಂಗಳ ಕೊನೆಗೆ ಹೊಸನಗರದ ಬಸ್ಸಿನಲ್ಲಿ ನನಗೊಂದು ಪೊಟ್ಟಣ ಬಂತು. ಒಳಗೆ ಒಂದು ರೋಲು, ಒಂದು ಚೀಟಿ. "ಅಕ್ಕ, ಡಾಕ್ಟ್ರ ಕ್ಯಾಮೆರಾ ಎರಡು ದಿನಕ್ಕೆ ಕಡ ತಂದಿದ್ದೆ. ರೋಲಿನಲ್ಲಿ ಹತ್ತು ಅವರದು, ಕೊನೆಯ ಎರಡು ನನ್ನದು. ಚೆನ್ನಾಗಿ ಬಂದದ್ದನ್ನು ಎರಡು ಪ್ರಿಂಟ್ ಹಾಕಿ. ಒಂದು ಪೆಟ್ಟಿಗೆಗೆ, ಒಂದು ಅಮ್ಮನಿಗೆ. ಆತುರವಿಲ್ಲ, ಎರಡನ್ನೂ ಪೆಟ್ಟಿಗೆಯಲ್ಲೇ ಕಳಿಸಿ. ಸ್ವಲ್ಪ ಚೊಕ್ಕವಾಗಿ ಮಾಡಿಕೊಡಿ." ಏನು ಚಿತ್ರ ಅಂತ ಬರೆದಿರಲಿಲ್ಲ. ನಿಯಮ ಪಾಲಿಸುವವರಲ್ಲಿ ಅವರೇ ಮೊದಲು.

ಹನ್ನೊಂದನೆಯದು ಅಲುಗಿ ಮಂಜಾಗಿತ್ತು. ಹನ್ನೆರಡನೆಯದು ಸ್ಪಷ್ಟ. ಎಡಕ್ಕೆ ಒಂದು ಗುಡ್ಡ, ಅದರ ಮೂಗು ಇಳಿದು ನೀರು ಮುಟ್ಟುವ ಜಾಗ, ಮುಂದೆ ಬರೀ ನೀರು, ಆಚೆ ದಡದಲ್ಲಿ ಗೆರೆಯ ಹಾಗೆ ಕಾಡು. ಅಷ್ಟೇ. ಫಿಲಂ ಒಣಗಲು ನಾನು ಹಿಂದಿನ ಜಗಲಿಯಲ್ಲಿ ತೂಗುಹಾಕಿದ್ದೆ. ಅದೇ ಹೊತ್ತಿಗೆ ಪಕ್ಕದ ಮನೆಯವರು ಹುರುಳಿ ಕೇರಿದರು. ತಡೆಯಲು ಓಡುವಷ್ಟರಲ್ಲಿ ಹೊಟ್ಟು ಹಾರಿತ್ತು. ಆ ಒಂದು ಚಿತ್ರದ ಮೇಲೆ ನಾಲ್ಕು ಕಪ್ಪು ಕಣ. ಎರಡು ಆಕಾಶದಲ್ಲಿ, ಒಂದು ಗುಡ್ಡದ ಮೇಲೆ, ಒಂದು ನೀರಿನ ಮೇಲೆ.

ಮಾರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಕಿಟಕಿ ಬಳಿ ಕೂತೆ. ಮೊದಲ ಮೂರು ಸೂಜಿ ತಾಗಿಸಿದ ಕೂಡಲೇ ಎದ್ದು ಬಂದವು. ನಾಲ್ಕನೆಯದು ಏಳಲಿಲ್ಲ. ಹಬೆ ಕೊಟ್ಟೆ, ಏಳಲಿಲ್ಲ. ಒದ್ದೆ ಹತ್ತಿ ಇಟ್ಟು ಕಾದೆ, ಏಳಲಿಲ್ಲ. ಮೇಲೆ ಬಂದು ಕೂತ ಕಣವಾಗಿದ್ದರೆ ಏಳಬೇಕಿತ್ತು. ಏಳುತ್ತಿಲ್ಲ ಅಂದಾಗಲೇ ಅದು ಚಿತ್ರದ ಒಳಗಿನದು ಅಂತ ತಿಳಿಯಬೇಕಿತ್ತು. ಹನ್ನೆರಡು ವರ್ಷ ಈ ಕೆಲಸ ಮಾಡಿದವಳಿಗೆ ಅಷ್ಟು ತಿಳಿಯದೆ ಇರುತ್ತದೆಯೇ? ಆದರೆ ನನಗೆ ಹಟ ಬಂತು. ಇವರ ಶೇವಿಂಗ್ ಬ್ಲೇಡನ್ನು ಅರ್ಧ ಮುರಿದು, ಮೂಲೆಯಿಂದ ಒಂದೊಂದೇ ಪದರ ಕೆರೆದೆ. ಅರ್ಧ ಗಂಟೆ ಹಿಡಿಯಿತು. ಪೂರ್ತಿ ಹೋಯಿತು. ಪೆನ್ಸಿಲ್ ಪುಡಿ ತುಂಬಿ, ಇವರನ್ನು ಕರೆದು, "ನೋಡಿ, ನಾಲ್ಕನೆಯದು ಎಲ್ಲಿತ್ತು ಹೇಳಿ ನೋಡುವ" ಅಂದೆ. ಇವರಿಗೆ ಹೇಳಲಾಗಲಿಲ್ಲ. ನನಗೆ ಎಷ್ಟು ಖುಷಿಯಾಯಿತು ಅಂದರೆ ಆ ದಿನ ಸಂಜೆ ಅವಲಕ್ಕಿ ಒಗ್ಗರಣೆಗೆ ಗೋಡಂಬಿ ಹಾಕಿದ್ದೆ. ದಿನದ ಪುಸ್ತಕದಲ್ಲಿದೆ.

ಎರಡು ಪ್ರಿಂಟನ್ನೂ ಪೆಟ್ಟಿಗೆಗೆ ಹಾಕಿ, ನೋಟ್‌ಬುಕ್ಕಿನಲ್ಲಿ ಮೊದಲ ಅಭಿಪ್ರಾಯ ನಾನೇ ಬರೆದೆ: "ಬಹಳ ಶುಭ್ರವಾದ ಚಿತ್ರ. ನೀರಿನ ಮೇಲೆ ಒಂದು ಕಣವೂ ಇಲ್ಲ."

ಪೆಟ್ಟಿಗೆ ಸುತ್ತು ಮುಗಿಸಿ ತಿರುಗಿ ಬಂದಾಗ ಮಳೆಗಾಲ ಹಿಡಿದಿತ್ತು, ಹಿನ್ನೀರು ಮತ್ತೆ ತುಂಬುತ್ತಿತ್ತು. ನಾನು ಅಡುಗೆಮನೆಯಲ್ಲೇ ನೋಟ್‌ಬುಕ್ಕು ಬಿಚ್ಚಿದೆ. ನನ್ನದರ ಕೆಳಗೆ ಒಬ್ಬರು, "ನೀರೇನೋ ಚೆನ್ನಾಗಿದೆ, ವಿಷಯ ಯಾವುದು?" ಅಂತ. ಅದರ ಕೆಳಗೆ ಡಾಕ್ಟ್ರ ಕೋಳಿಕಾಲಿನ ಅಕ್ಷರ: "ಬಾಳೆಲೆ ತೊಳೆದು ಹಾಸಿದ್ದಾರೆ. ಊಟ ಯಾವಾಗ?" ಎಲ್ಲಕ್ಕಿಂತ ಕೆಳಗೆ ಮೇಷ್ಟ್ರ ದುಂಡು ಅಕ್ಷರ.

"ಈ ಚಿತ್ರ ನನ್ನದು. ಇದು ನಮ್ಮ ಊರು ಇದ್ದ ಜಾಗ. ಈ ವರ್ಷ ನೀರು ಇಳಿದು ನಮ್ಮ ಅಂಗಳದ ತುಳಸಿ ಕಟ್ಟೆಯ ತಲೆ ಮೇಲೆ ಬಂದಿತ್ತು. ಅಮ್ಮನಿಗೆ ನಡೆಯಲಾಗುವುದಿಲ್ಲ. ಗುಡ್ಡದ ಸಮೇತ ತೆಗೆದು ತಾ, ಎಲ್ಲಿತ್ತು ಅಂತ ಗೊತ್ತಾಗಬೇಕು ಅಂದಿದ್ದರು. ದೂರಕ್ಕೆ ಕಾಣಲಿ ಅಂತ ತೆಪ್ಪದಲ್ಲಿ ಹೋಗಿ ಕಟ್ಟೆಗೆ ಸುಣ್ಣ ಬಳಿದು ಬಂದೆ. ಕ್ಯಾಮೆರಾ ಕಡ ತಂದದ್ದು, ನೀರಿನ ಮೇಲೆ ಒಯ್ಯುವುದಿಲ್ಲ ಅಂತ ಮಾತು ಕೊಟ್ಟಿದ್ದೆ, ಹಾಗಾಗಿ ದಡದಿಂದಲೇ ತೆಗೆದೆ. ಕಣ್ಣಿಗೆ ಬೆಳ್ಳಗೆ ಕಂಡಿತ್ತು. ಫಿಲಮಿಗೆ ಬಂದಿಲ್ಲ. ತಪ್ಪು ನನ್ನದೇ. ಅಕ್ಕನಿಗೆ ಎರಡು ಹಾಳೆ ದಂಡ ಮಾಡಿಸಿದೆ, ಕ್ಷಮಿಸಬೇಕು."

ಒಲೆ ಮೇಲೆ ಹಾಲಿತ್ತು. ಉಕ್ಕಿ ಒಲೆ ಆರಿದ ಮೇಲೆ ನನಗೆ ಗೊತ್ತಾದದ್ದು. ಓಡಿಹೋಗಿ ನೆಗೆಟಿವ್ ತೆಗೆದು ಕಿಟಕಿಗೆ ಹಿಡಿದೆ. ನೇರ ಹಿಡಿದರೆ ಏನೂ ಇಲ್ಲ. ಓರೆ ಮಾಡಿದರೆ ಗುಡ್ಡದ ಮೂಗಿನಿಂದ ಸ್ವಲ್ಪ ಬಲಕ್ಕೆ, ಬ್ಲೇಡು ಆಡಿದ ಗುಳಿ ಬೆಳಕಿಗೆ ಮಿಣ್ಣನೆ ಹೊಳೆಯಿತು.

ಮನೆಯವರಿಗೆ ಹೇಳಿದೆ. ಇವರು ನೆಗೆಟಿವ್ ನೋಡಿದರು, ನೋಟ್‌ಬುಕ್ಕು ನೋಡಿದರು, ನನ್ನ ಮುಖ ನೋಡಿದರು.

"ಬರೆದುಬಿಡು ಮಾರಾಯ್ತಿ, ಹಿಂಗಾಯ್ತು ಅಂತ."

"ಎಲ್ಲರೂ ಓದ್ತಾರೆ."

"ಓದಲಿ ಅಂತಲೇ ಬರೆಯೋದು."

"ಡಾಕ್ಟ್ರು ಎಂತ ಬರೀತಾರೆ ಗೊತ್ತಾ? ಧೂಳಿನ ಡಾಕ್ಟ್ರು ರೋಗಿಯನ್ನೇ ಕೊಯ್ದು ಬಿಸಾಕಿದ್ರು ಅಂತ."

ಇವರು, "ಹಂಗಾದ್ರೆ ಒಂದು ಚುಕ್ಕೆ ತಾನೆ? ಜಾಗ ನಿಂಗೆ ಗೊತ್ತುಂಟು. ಪ್ರಿಂಟಿನ ಮೇಲೆ ಇಟ್ಟು ಕೊಡು" ಅಂದರು. ಕಾಡಿಸಲು ಹೇಳಿದ್ದೋ ನಿಜಕ್ಕೋ ಇವತ್ತಿಗೂ ಗೊತ್ತಿಲ್ಲ. ನಾನು ಮಾತ್ರ ಹಾಗೇ ಮಾಡಿದೆ. ಹೊಸ ಪ್ರಿಂಟ್ ಹಾಕಿ, ಒಣಗಿಸಿ, ಬ್ಲೇಡಿನ ಮೂಲೆಯಿಂದ ಅದೇ ಜಾಗದಲ್ಲಿ ಕಾಗದದ ಬಿಳಿ ಕಾಣುವ ತನಕ ಕೆರೆದೆ. ಸಾಸಿವೆಯಷ್ಟು ಬಿಳಿ. ಅಂಚಿಗೆ ಸ್ವಲ್ಪ ಮಸಿ ಕೊಟ್ಟು ನೀರಿನಲ್ಲಿ ಕೂರಿಸಿದೆ. ಅಷ್ಟು ನಾಜೂಕಾದ ಕೆಲಸ ನಾನು ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಕಳಿಸಲಾರದೆ ಬೀರುವಿನಲ್ಲಿ ರೇಷ್ಮೆ ಸೀರೆಯ ಅಡಿಗೆ ಇಟ್ಟೆ. ನೋಟ್‌ಬುಕ್ಕಿನಲ್ಲಿ ಮೇಷ್ಟ್ರ ಮಾತಿನ ಕೆಳಗೆ "ಪರವಾಗಿಲ್ಲ, ಹಾಳೆಯ ಚಿಂತೆ ಬೇಡ" ಅಂತ ಬರೆದೆ. ಅವರು ಕೇಳಿದ್ದ ಕ್ಷಮೆಯನ್ನು ನಾನು ಕೊಟ್ಟೆ! ಇದಕ್ಕಿಂತ ನಾಚಿಕೆಯ ಸಾಲು ನನ್ನ ಕೈಯಿಂದ ಬೇರೆ ಬಂದಿಲ್ಲ.

ಮುಂದಿನ ಸುತ್ತಿನಲ್ಲಿ ಮೇಷ್ಟ್ರ ಪ್ರಿಂಟು ಇರಲಿಲ್ಲ. "ಮೇಷ್ಟ್ರೇ, ಪೆಟ್ಟಿಗೆಯನ್ನ ಉಪವಾಸ ಕೆಡವಬೇಡಿ" ಅಂತ ಡಾಕ್ಟ್ರು ಬರೆದರು. ಅದರಾಚೆಯ ಸುತ್ತಿನಲ್ಲೂ ಇಲ್ಲ. "ಮೇಷ್ಟ್ರಿಗೆ ಬೇಕಾದದ್ದು ಕ್ಯಾಮೆರಾ ಅಲ್ಲ, ಕನ್ನಡಕ. ಸುಣ್ಣ ಬಳಿದದ್ದು ನಿಜವೋ ಕನಸೋ?" ಅಂತ ಡಾಕ್ಟ್ರು. ತಮಾಷೆಯೇ ಅದು, ಅವರಿಗೆ ಕೆಟ್ಟ ಮನಸ್ಸಿಲ್ಲ. ನಿಜ ಗೊತ್ತಿದ್ದವಳು ನಾನು, ಅದರ ಕೆಳಗೆ ಬೇರೆ ಯಾರದೋ ಕಾಡುಹೂವಿನ ಬಗ್ಗೆ ಎರಡು ಸಾಲು ಬರೆದು ಡಬ್ಬಿ ಮುಚ್ಚಿದೆ.

ದೀಪಾವಳಿ ಕಳೆದ ಮೇಲೆ ಪೆಟ್ಟಿಗೆ ಹೊಸನಗರದಿಂದ ಬರಲಿಲ್ಲ. ಕಾರ್ಡು ಬಂತು: "ಮುಂದಿನ ಸುತ್ತಿನಿಂದ ನನ್ನ ಹೆಸರು ಬಿಡಿ. ಪೆಟ್ಟಿಗೆ ನನ್ನಲ್ಲಿದೆ, ಯಾರಾದರೂ ಬಂದಾಗ ಕೊಡುತ್ತೇನೆ." ಆ ಭಾನುವಾರ ನಾವು ಹೊರಟದ್ದು ಅದಕ್ಕೆ. ಪೆಟ್ಟಿಗೆ ತರಲು ಇವರು. ನಾನು ಚುಕ್ಕೆ ಇಟ್ಟ ಪ್ರಿಂಟಿನ ಜೊತೆ. ಇನ್ನೊಂದು ಕಾಗದದಲ್ಲಿ ಸುತ್ತಿ ನೆಗೆಟಿವನ್ನೂ ಹಾಕಿಕೊಂಡಿದ್ದೆ. ಎರಡರಲ್ಲಿ ಯಾವುದನ್ನು ತೆಗೆಯುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ. "ಬೇರೆ ಹಾಳೆಯಲ್ಲಿ ಹಾಕಿ ನೋಡಿದೆ, ಕಾಣಿಸ್ತು ನೋಡಿ" ಅಂತ ಒಂದು ಮಾತು ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತಿದ್ದೆ.

ಇವರು ಕಿಟಕಿಯಾಚೆ ನೋಡುತ್ತಲೇ ಹೇಳಿದರು: "ಹೇಳೋದಾದ್ರೆ ಕಾಫಿ ಕೊಡೋ ಮುಂಚೆ ಹೇಳು. ಅವರ ಕಾಫಿ ಕುಡಿದು ಹೇಳಿದ್ರೆ ಚಂದ ಇರಲ್ಲ."

ಮೇಷ್ಟ್ರ ಬಾಡಿಗೆ ಮನೆ ಬಸ್‌ಸ್ಟ್ಯಾಂಡಿನ ಹಿಂದೆಯೇ. ಅಮ್ಮ ಹೊರಗಿನ ಬೆಂಚಿನ ಮೇಲೆ ಎಲೆ ಅಡಿಕೆಯ ತಟ್ಟೆ ಇಟ್ಟುಕೊಂಡು ಕೂತಿದ್ದರು. ಎರಡು ಕಣ್ಣಿಗೂ ಪೊರೆ, ಹೆಜ್ಜೆ ಸಪ್ಪಳದಲ್ಲೇ ಜನ ಗುರುತಿಸುವವರು.

"ಸಾಗರದವ್ರು ಬಂದ್ರಾ? ಬನ್ನಿ ಬನ್ನಿ. ಇವಂಗೆ ಒಂದು ಹೆಣ್ಣು ನೋಡಿ ಕೊಡಿ ಅಂದ್ರೆ ಖಾಲಿ ಕೈಲಿ ಬರ್ತೀರಿ."

"ಹುಡುಗಿ ಫೋಟೋ ತೋರಿಸಿದ್ರೆ ಇವ್ರು ಫೋಕಸ್ ಸರಿ ಇಲ್ಲ ಅಂತಾರಲ್ಲಮ್ಮ" ಅಂದರು ನಮ್ಮವರು.

ಅಮ್ಮ ನಕ್ಕರು. ಮೇಷ್ಟ್ರೂ ಒಂದಿಷ್ಟು ನಕ್ಕು, "ಕೂತ್ಕೊಳ್ಳಿ ಅಕ್ಕ, ಕಾಫಿಗೆ ಇಡ್ತೀನಿ" ಅಂತ ತಿರುಗಿದರು. ಹೊಸ ಕನ್ನಡಕ ಹಾಕಿದ್ದರು. ನನ್ನ ಕಣ್ಣು ಅದರ ಮೇಲೆಯೇ ನಿಂತಿತು.

ಅಷ್ಟರಲ್ಲಿ ಅಮ್ಮ ಬೆಂಚಿನ ಮೇಲಿದ್ದ ಒಂದು ರಟ್ಟನ್ನು ನನ್ನ ಕಡೆ ಸರಿಸಿದರು. "ನೀನೇ ಅಲ್ವಾ ಇದನ್ನ ಮಾಡಿ ಕೊಟ್ಟದ್ದು? ನಮ್ಮ ಊರು, ನೋಡು." ನಾನು ಹಾಕಿದ್ದ ಪ್ರಿಂಟು. ಮೇಷ್ಟ್ರು ಅದನ್ನು ರಟ್ಟಿಗೆ ಅಂಟಿಸಿದ್ದರು. ನೀರಿನ ಮೇಲೆಲ್ಲ ಬೆಳ್ಳಗೆ ಕಲೆ, ಇಲ್ಲೊಂದು, ಅಲ್ಲೊಂದು, ಕೆಲವು ಒಣಗಿ ಹೆಕ್ಕಳ ಎದ್ದು, ಕೆಲವು ಬರೀ ಗುರುತಾಗಿ. ಏನು ಅಂತ ಕೇಳುವ ಮೊದಲೇ ಅಮ್ಮ ಎಲೆಗೆ ಸುಣ್ಣ ಹಚ್ಚಿದ ಬೆರಳನ್ನು ಚಿತ್ರದ ಮೇಲೆ ಆಡಿಸಿ, ಒಂದು ಕಡೆ ಒತ್ತಿದರು. ಕಡ್ಲೆ ಕಾಳಿನಷ್ಟು ಸುಣ್ಣ ನಿಂತಿತು.

"ಚಿತ್ರಕ್ಕೆ ಬರ್ಲಿಲ್ಲಂತೆ ಕಟ್ಟೆ. ಇವ ಅಷ್ಟು ದೂರ ಹೋಗಿ ಸುಣ್ಣ ಬಳಿದು ಬಂದಿದ್ದು ಸುಮ್ನಾಯ್ತು. ಅದ್ಕೆ ನಾನೇ ಬಳೀತೀನಿ. ಎರಡು ದಿನಕ್ಕೆ ಉದುರಿ ಹೋಗ್ತದೆ, ಮತ್ತೆ ಇಡೋದು. ಇಲ್ಲೇ ಅಲ್ವೇನೋ?" ಅಂತ ಒಳಗೆ ಕೂಗಿದರು.

ಒಳಗಿನಿಂದ ಮೇಷ್ಟ್ರು, ನೋಡದೆಯೇ, "ಹೌದಮ್ಮ, ಅಲ್ಲೇ" ಅಂದರು. ದಿನಾ ಹೇಳಿ ಸವೆದ ದನಿ.

ಅದು ಅಲ್ಲಿ ಇರಲಿಲ್ಲ. ಅಮ್ಮ ಇಟ್ಟದ್ದು ಆಚೆ ದಡದ ಹತ್ತಿರ, ನಡುನೀರಿನಲ್ಲಿ. ಹಳೆಯ ಕಲೆ ಒಂದೂ ಸರಿಯಾದ ಜಾಗದಲ್ಲಿರಲಿಲ್ಲ. ಸರಿಯಾದ ಜಾಗ ಈ ಲೋಕದಲ್ಲಿ ಚಿತ್ರದ ಮೇಲೆ ಬೆರಳಿಟ್ಟು ತೋರಿಸಬಲ್ಲವಳು ನಾನೊಬ್ಬಳೇ. ಬಸ್ಸಿನಲ್ಲಿ ಕಲಿತ ಬಾಯಿಪಾಠ ಎಲ್ಲಿ ಹೋಯಿತೋ, ನಾನು ಅಮ್ಮನ ಬೆರಳು ಹಿಡಿದುಕೊಂಡಿದ್ದೆ.

"ಅಲ್ಲಮ್ಮ. ಇಲ್ಲಿ. ಗುಡ್ಡದ ಮೂಗು ಮುಗೀತಲ್ಲ, ಅಲ್ಲಿಂದ ಒಂದು ಬೆರಳು ಬಲಕ್ಕೆ. ಇನ್ನೂ ಕೆಳಗೆ. ಹಾಂ, ಇಲ್ಲಿ."

ಅಮ್ಮ ಬೆರಳನ್ನು ಅಲ್ಲೇ ಒತ್ತಿ ಹಿಡಿದರು. ಆಮೇಲೆ ತಲೆ ಆಡಿಸಿದರು. "ಹೌದು ಹೌದು. ಬಾವಿಯಿಂದ ಬರೋವಾಗ ಗುಡ್ಡ ಬಲಕ್ಕೆ ಸಿಗ್ತಿತ್ತು. ಅಲ್ವೇ, ನಿಂಗೆ ಹೆಂಗೆ ಗೊತ್ತು? ನೀನು ನಮ್ಮೂರವಳಾ?"

ಮೇಷ್ಟ್ರು ಬಾಗಿಲಲ್ಲಿ ಬಂದು ನಿಂತಿದ್ದರು, ಕೈಯಲ್ಲಿ ಕಾಫಿಪುಡಿಯ ಡಬ್ಬಿ.

ನಾನು ಹೇಳಿದೆ. ಹುರುಳಿ ಕೇರಿದ್ದು, ನಾಲ್ಕು ಕಣ, ಮೂರು ಎದ್ದದ್ದು, ನಾಲ್ಕನೆಯದು ಏಳದೆ ಇದ್ದದ್ದು, ಬ್ಲೇಡು. ಹೇಳುವಾಗ ಅವರ ಮುಖ ನೋಡಲಾಗಲಿಲ್ಲ, ಡಬ್ಬಿಯನ್ನೇ ನೋಡಿದೆ. ಕಾಗದ ಬಿಚ್ಚಿ ನೆಗೆಟಿವ್ ಕೈಗೆ ಕೊಟ್ಟೆ. ಅವರು ಅಂಗಳಕ್ಕೆ ಇಳಿದು ಬಿಸಿಲಿಗೆ ಹಿಡಿದರು. ನೇರ ಹಿಡಿದರು. ಆಮೇಲೆ ಓರೆ ಮಾಡಿದರು. ಹಾಗೇ ಹಿಡಿದು ನಿಂತೇ ಇದ್ದರು.

"ಬಂದಿತ್ತಾ ಹಾಗಾದ್ರೆ?"

"ಬಂದಿತ್ತು."

"ಮಂಜಾಗಿ?"

"ಇಲ್ಲ. ಚೂಪಾಗಿ. ಸಾಸಿವೆಯಷ್ಟು."

"ಯಾವಾಗ ಗೊತ್ತಾಯ್ತು ನಿಮಗೆ?"

"ನೀವು ನೋಟ್‌ಬುಕ್ಕಲ್ಲಿ ಬರೆದ ದಿನವೇ."

ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಡಾಕ್ಟ್ರು ಕನ್ನಡಕ ಅಂತ ಬರೆದಾಗ ನಾನು ಶಿವಮೊಗ್ಗಕ್ಕೆ ಹೋಗಿ ಕಣ್ಣು ತೋರಿಸ್ಕೊಂಡು ಬಂದೆ ಅಕ್ಕ. ದೂರದ್ದು ಸರಿಯಾಗೇ ಕಾಣ್ತದೆ ಅಂದ್ರು. ಓದಕ್ಕೆ ಮಾತ್ರ ಇದು ಕೊಟ್ರು. ಆಗ ನಂಗೆ ಇನ್ನೂ ಕಷ್ಟ ಆಯ್ತು. ಕಣ್ಣು ಸರಿ ಇದ್ಮೇಲೆ ಸುಣ್ಣ ಬಳಿದದ್ದೇ ಸುಳ್ಳಾ ಅಂತ. ಎಷ್ಟೋ ಸಲ ಕೈ ನೋಡ್ಕೊಂಡಿದೀನಿ."

ನನ್ನವರು ಎದ್ದು ನಿಂತರು, ಮತ್ತೆ ಕೂತರು. ನಾನು ಚೀಲದಿಂದ ಆ ಇನ್ನೊಂದು ಪ್ರಿಂಟು ತೆಗೆದು ಬೆಂಚಿನ ಮೇಲೆ ಇಟ್ಟೆ. ಅದನ್ನೂ ಬಚ್ಚಿಟ್ಟರೆ ಹೇಳಿದ್ದು ಅರ್ಧವೇ ಆಗುತ್ತಿತ್ತು. ಅವರು ಎತ್ತಿಕೊಂಡು ನೋಡಿದರು. ನೋಡುತ್ತ ಒಂದು ಕ್ಷಣ ಮುಖ ಅರಳಿದ ಹಾಗಾಯಿತು. ಆಮೇಲೆ ಉಗುರಿನಿಂದ ಆ ಬಿಳಿಯ ಮೇಲೆ ಸವರಿದರು, ತಗ್ಗು ತಾಗಿರಬೇಕು.

"ಇದು ನಿಮ್ಮ ಚುಕ್ಕೆ" ಅಂದರು. ಜೋರಾಗಿ ಅಲ್ಲ. ಪ್ರಿಂಟನ್ನು ನನ್ನ ಕೈಗೆ ವಾಪಸು ಕೊಟ್ಟು, ನೆಗೆಟಿವನ್ನು ಕಾಗದದಲ್ಲಿ ಸುತ್ತಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. "ಇದು ನನ್ನ ಹತ್ರ ಇರಲಿ."

"ಎಂತದು? ನನಗೊಂದು ತೋರಿಸಿ" ಅಂದರು ಅಮ್ಮ. ನಾನು ಪ್ರಿಂಟು ಅವರ ಕೈಗೆ ಕೊಟ್ಟು ಬೆರಳನ್ನು ಚುಕ್ಕೆಯ ಮೇಲೆ ಇಟ್ಟೆ. ಅವರು ತಡವಿ, ಕಣ್ಣಿನ ಹತ್ತಿರ ತಂದು, ದೂರ ಹಿಡಿದು, "ಏನೂ ಕಾಣಲ್ಲ ಮಾರಾಯ್ತಿ. ಇಷ್ಟು ಸಣ್ಣದು ಮುಂಚೆಯೂ ನಂಗೆ ಕಾಣ್ತಿರ್ಲಿಲ್ಲ. ಸುಣ್ಣದ್ದೇ ಸೈ, ಕೈಗೆ ಸಿಗ್ತದೆ" ಅಂದರು. ಆಮೇಲೆ ಮಗನ ದನಿ ಬಂದ ಕಡೆ ತಿರುಗಿ, "ನೋಡಿದ್ಯಾ, ಬಂದಿತ್ತಂತೆ" ಅಂದರು.

ಅಮ್ಮನಿಗೆ ಆ ಚುಕ್ಕೆ ಹೇಗೂ ಕಾಣುತ್ತಿರಲಿಲ್ಲ ಅಂತ ತಿಳಿದಾಗ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಕಟ್ಟೆ ನೋಡಬೇಕಾಗಿದ್ದ ಕಣ್ಣು ಇನ್ನೊಂದಿತ್ತು, ಅದಕ್ಕೆ ನಾನು ನಾಲ್ಕು ತಿಂಗಳು ಸುಳ್ಳು ಹೇಳಿದ್ದೆ, ಒಂದು ಮಾತೂ ಆಡದೆ.

ಮೇಷ್ಟ್ರು ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದು ನನ್ನ ಮುಂದಿಟ್ಟು, ನೋಟ್‌ಬುಕ್ಕು ತೆಗೆದು, ಆ ಚಿತ್ರದ ಪುಟ ಹುಡುಕಿ, ಪೆನ್ನಿನ ಮುಚ್ಚಳ ಬಿಚ್ಚಿ ಕೊಟ್ಟರು. "ಇಲ್ಲಿ ಬರೀರಿ ಅಕ್ಕ. ನನಗೆ ಹೇಳಿದ್ದು ಸಾಕು. ಅವರೆಲ್ಲ ಓದಿದಾರಲ್ಲ, ಅವರಿಗೆ ಬರೀರಿ."

"ಪರವಾಗಿಲ್ಲ, ಹಾಳೆಯ ಚಿಂತೆ ಬೇಡ" ಅಂತ ನಾನೇ ಬರೆದ ಸಾಲಿನ ಕೆಳಗೆ ಜಾಗ ಇತ್ತು. ಹೀಗೆ ಬರೆದೆ: "ತುಳಸಿ ಕಟ್ಟೆ ಫಿಲಮಿಗೆ ಸರಿಯಾಗಿ ಬಂದಿತ್ತು. ಧೂಳು ಅಂತ ತಿಳಿದು ನೆಗೆಟಿವ್‌ನಿಂದ ಕೆರೆದು ತೆಗೆದವಳು ನಾನು. ಜುಲೈಯಲ್ಲಿ ಗೊತ್ತಾಯಿತು. ಹೊಸ ಪ್ರಿಂಟ್ ಹಾಕಿದಾಗಲೂ, ಇಲ್ಲಿ ಬರೆದಾಗಲೂ ಗೊತ್ತಿದ್ದೇ ಮುಚ್ಚಿಟ್ಟೆ. ಮೇಷ್ಟ್ರ ಕಣ್ಣಿನದಾಗಲಿ ಕೈಯದಾಗಲಿ ಏನೂ ತಪ್ಪಿಲ್ಲ." ಮೇಷ್ಟ್ರು ನಿಂತು ಓದಿದರು. "ಕೆಳಗೆ ಸಾಗರದವರು ಅಂತ ಸೇರಿಸಿ" ಅಂದರು. ಅಕ್ಷರ ಎಲ್ಲರಿಗೂ ಗೊತ್ತು. ಆದರೂ ಸೇರಿಸಿದೆ.

ಆಮೇಲೆ ಕಾಫಿ ಬಂತು. ಇವರು ನನ್ನ ಕಡೆ ನೋಡಿ ಲೋಟ ಎತ್ತಿಕೊಂಡರು. ಊಟ ಮಾಡದೆ ಏಳಲು ಅಮ್ಮ ಬಿಡಲಿಲ್ಲ, ಮೇಷ್ಟ್ರು ಬಡಿಸಿದರು, ಎರಡನೇ ಸಲ ಸಾರು ಬೇಕಾ ಅಂತಲೂ ಕೇಳಿದರು. ಪ್ರತಿ ಸಲ ಬಸ್‌ಸ್ಟ್ಯಾಂಡಿನ ತನಕ ಬಂದು ಬಸ್ಸು ಹೊರಡುವವರೆಗೆ ನಿಲ್ಲುವವರು. ಅವತ್ತು ಬಾಗಿಲಲ್ಲೇ ನಿಂತರು. "ಪೆಟ್ಟಿಗೆ ಕಳಿಸ್ತಾ ಇರಿ" ಅಂದರು. ಅಷ್ಟೇ ಅಂದದ್ದು. ಮುಂದಿನ ಸುತ್ತಿನಲ್ಲಿ ಅವರದೊಂದು ಪ್ರಿಂಟು ಇತ್ತು, ಬೆಂಚಿನ ಮೇಲೆ ಕೂತ ಅಮ್ಮನ ಕೈ, ಬೆರಳ ತುದಿಗೆ ಸುಣ್ಣ. ಅದನ್ನು ನನ್ನ ಹತ್ತಿರ ತೊಳೆಸಿರಲಿಲ್ಲ, ಶಿವಮೊಗ್ಗದಲ್ಲಿ ಎಲ್ಲೋ ತೊಳೆಸಿದ್ದರು. ಮೇಲೆ ಮೂರು ಧೂಳಿನ ಚುಕ್ಕೆ ಇದ್ದವು. ಡಾಕ್ಟ್ರು ಸಹ ಅದರ ಬಗ್ಗೆ ಏನೂ ಬರೆಯಲಿಲ್ಲ.

ಆ ಭಾನುವಾರ ಸಂಜೆ ನಾವು ಸಾಗರ ಸೇರಿದಾಗ ದೀಪ ಹಚ್ಚುವ ಹೊತ್ತು. ಬೋರಲು ಹಾಕಿದ್ದ ಹೈಪೋ ಬಾಟಲಿಗಳನ್ನು ಒಳಗೆ ತಂದೆ. ಹಿಟ್ಟಿನ ಮೇಲಿನ ಗುಂಡುಕಲ್ಲು ಅಲ್ಲಾಡಿರಲಿಲ್ಲ, ಹಿಟ್ಟು ಹುಳಿ ಬಂದಿತ್ತು. ಅದನ್ನೇ ಹೊಯ್ದೆ, ಬೆಳಗಿನ ಕಾಯಿಚಟ್ನಿಗೆ ಒಂದಿಷ್ಟು ಮೊಸರು ಬೆರೆಸಿದೆ. ಇವರು ನಾಲ್ಕು ತಿಂದರು, ನಾನು ಒಂದೂವರೆ. ಹಾಸಿಗೆ ಹಾಸುವಷ್ಟರಲ್ಲಿ ಇವರಿಗೆ ನಿದ್ದೆ ಬಂದಿತ್ತು.